ಗಜರಾಜನ ಸೀನು

ಹೆಣ್ಣು ನೋಡುವ ಶಾಸ್ತ್ರವನ್ನು ಗಿರಗಿಟ್ಲೆ ವಿನೋದವನದಲ್ಲಿ ಇಟ್ಟುಕೊಳ್ಳೋಣ ಎಂದು ಕಮಲಮ್ಮ ಹೇಳಿದಾಗ ಲಕ್ಷ್ಮೀಪುರಂ ಮನೆಯಲ್ಲಿ ಯಾರೂ ನಗಲಿಲ್ಲ. ಹಪ್ಪಳ, ಸಂಡಿಗೆ, ಪುಳಿಯೋಗರೆ ಗೊಜ್ಜು ಮಾರಿ ಸಂಸಾರ ತೂಗಿಸಿದ ಹೆಂಗಸು ಅವರು. ಪ್ರಯೋಜನವಿಲ್ಲದ ಮಾತು ಆಡುವವರಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಇದಕ್ಕೆಲ್ಲ ಕಾರಣ ಅವರ ಅಣ್ಣ ಲಕ್ಷ್ಮೀನರಸಿಂಹಯ್ಯನವರ ಶಕುನದ ಹುಚ್ಚು. ಅವರ ಮಗ ಸಮರ್ಥನಿಗೆ ವಯಸ್ಸು ಮೂವತ್ತನಾಲ್ಕು ದಾಟಿತ್ತು. ಕುವೆಂಪುನಗರದಲ್ಲಿ ಕನ್ನಡಕದ ಅಂಗಡಿ, ದುಶ್ಚಟ ಒಂದೂ ಇಲ್ಲ, ಮಾತು ಸ್ವಲ್ಪ ಕಡಿಮೆ. ಆದರೂ ಮದುವೆ ಕೂಡಿಬಂದಿರಲಿಲ್ಲ. ಮೊದಲ ಸಂಬಂಧಕ್ಕೆ ಹೊರಟಾಗ ಬೆಕ್ಕು ಅಡ್ಡ ಬಂತು. ಇನ್ನೊಂದರಲ್ಲಿ ಹೆಣ್ಣಿನ ಮನೆಯ ನಂದಾದೀಪ ಆರಿತು. ನಜರ್‌ಬಾದಿನ ಹುಡುಗಿ ಸಮರ್ಥನಿಗೂ ಒಪ್ಪಿಗೆಯಾಗಿದ್ದಳು. ಅಲ್ಲಿ ಕಾಫಿ ಲೋಟ ಎತ್ತುವ ಹೊತ್ತಿಗೆ ಸರಿಯಾಗಿ ಹಲ್ಲಿ ತಪ್ಪು ದಿಕ್ಕಿನಿಂದ ಲೊಚಗುಟ್ಟಿತು. ಅಣ್ಣ ಲೋಟ ಕೆಳಗಿಟ್ಟು ಎದ್ದುಬಿಟ್ಟರು. ಸಮರ್ಥ ಅಪ್ಪನಿಗೆ ಎದುರು ಮಾತಾಡಲಿಲ್ಲ. ಆದರೆ ಆ ವಾರ ಇಬ್ಬರು ಗಿರಾಕಿಗಳಿಗೆ ಕನ್ನಡಕ ಅದಲುಬದಲು ಮಾಡಿ ಕೊಟ್ಟ. ಒಬ್ಬರು ಚರಂಡಿಗೆ ಬಿದ್ದರು.

ತಾಯಿಯಿಲ್ಲದ ಹುಡುಗನನ್ನು ಎತ್ತಿ ಆಡಿಸಿದವರು ಕಮಲಮ್ಮ. ಅವರು ಕೂತು ಯೋಚಿಸಿದರು. ಶಕುನವೆಲ್ಲ ಇರುವುದು ಮನೆಗಳಲ್ಲಿ. ಬೆಕ್ಕು, ಹಲ್ಲಿ, ದೀಪ, ಹೊಸಿಲು, ಎದುರಿಗೆ ಬರುವ ಖಾಲಿ ಕೊಡ, ಎಲ್ಲ ಮನೆಯ ಸುತ್ತಮುತ್ತಲೇ. ಊರ ಹೊರಗಿನ ವಿನೋದವನದಲ್ಲಿ ಬೆಕ್ಕನ್ನು ಒಳಗೆ ಬಿಡುವುದಿಲ್ಲ. ಹಲ್ಲಿ ಇದ್ದರೂ ಆ ಗದ್ದಲದಲ್ಲಿ ಅದರ ಸದ್ದು ಯಾರಿಗೆ ಕೇಳಬೇಕು? ದೀಪ ಆರಿದರೆ ಜನರೇಟರ್ ಇದೆ. ಹೆಣ್ಣಿನ ಕಡೆಯವರಿಗೂ ಇದೇ ಬೇಕಾಗಿತ್ತು. ಹುಡುಗಿ ಮೈತ್ರೇಯಿ ದನದ ಡಾಕ್ಟರು. "ಉಪ್ಪಿಟ್ಟಿನ ತಟ್ಟೆ ಹಿಡ್ಕೊಂಡು ನಾನು ಯಾರ ಮುಂದೂ ಬರಲ್ಲ. ಎಲ್ಲಾದ್ರೂ ಹೊರಗೆ ಸಿಗೋದಾದ್ರೆ ಒಂದು ಸಲ ಬರ್ತೀನಿ, ಒಂದೇ ಸಲ" ಎಂದು ಅಪ್ಪ ವಾಗೀಶರಿಗೆ ಹೇಳಿದ್ದಳಂತೆ.

ಹಾಗೆ ಮೇ ತಿಂಗಳ ಒಂದು ಭಾನುವಾರ ಇವರು ಮೂವರು, ಅಣ್ಣ, ಕಮಲಮ್ಮ, ಸಮರ್ಥ, ವಿನೋದವನದ ಬಾಗಿಲಿಗೆ ಬಂದಿಳಿದರು. ವಾಗೀಶರು ಹೆಂಡತಿ, ಮಗಳೊಂದಿಗೆ ಆಗಲೇ ಒಳಗೆ ಹೋಗಿ, ತಿರುಗುವ ದೊಡ್ಡ ತೊಟ್ಟಿಲ ಪಕ್ಕದ ಹೋಟೆಲಿನಲ್ಲಿ ಕೂತಿದ್ದೇವೆ ಎಂದು ಫೋನು ಮಾಡಿದ್ದರು.

ಬಾಗಿಲಲ್ಲಿ ಕೈಚೀಲ ನೋಡಿದರು. ನೀರಿನ ಬಾಟಲಿ ಕಿತ್ತುಕೊಂಡರು. ಕೋಡುಬಳೆಯ ಡಬ್ಬಿ ಕಿತ್ತುಕೊಂಡರು. ಅತಿಥಿ ಸೇವೆ ಎಂದು ಬರೆದಿದ್ದ ಕಟ್ಟೆಯ ಹಿಂದೆ ನಿಂತಿದ್ದ ಹುಡುಗಿ ಎಲ್ಲರ ಕೈಗೂ ಕಾಗದದ ಪಟ್ಟಿ ಸುತ್ತಿ, ಎದೆಯ ಮೇಲೆ ಅಂಗೈ ಇಟ್ಟುಕೊಂಡು, "ಸ್ವಾಗತ ಅತಿಥಿಗಳೇ. ನಿಮ್ಮ ನಗುವೇ ನಮ್ಮ ಉಸಿರು" ಎಂದಳು. ಅವಳ ಅಂಗಿಯ ಮೇಲೆ ಗಗನ ಎಂಬ ಹೆಸರಿತ್ತು. ಅವಳು ಮಾತ್ರ ನಗುತ್ತಿರಲಿಲ್ಲ. ಬೆಳಗಿನಿಂದ ಎಷ್ಟು ಸಲ ಹೇಳಿದ್ದಳೋ ಪಾಪ.

ಕೈಪಟ್ಟಿ ತೋರಿಸಿದರೆ ತಿರುಗುವ ಕಂಬಿಯ ಬಾಗಿಲು. ಅದನ್ನು ದಾಟಿದರೆ ಒಂದು ಸಣ್ಣ ಅಂಗಳ. ಅಂಗಳದ ಆಚೆ ಬಣ್ಣದ ಕಮಾನು, ಕಮಾನಿನ ಆಚೆ ವಿನೋದವನ. ಕಮಾನಿನ ಪಕ್ಕದಲ್ಲಿ, ಉರಿಬಿಸಿಲಿನಲ್ಲಿ, ಒಂದು ಆನೆ ಎರಡು ಕಾಲಿನ ಮೇಲೆ ನಿಂತಿತ್ತು. ಬೂದು ಬಣ್ಣದ ದಪ್ಪ ಬಟ್ಟೆಯ ಮೈ, ಹಣೆಗೆ ಜರಿಯ ಪಟ್ಟಿ, ಕತ್ತಿಗೆ ಗಜರಾಜ ಎಂಬ ಹಲಗೆ. ಒಂದು ಕೈ ಎತ್ತಿ ಎಲ್ಲರಿಗೂ ಸಲಾಮು ಮಾಡುತ್ತಿತ್ತು.

ಅಣ್ಣ ಬಲಗಾಲನ್ನೇ ಮೊದಲಿಟ್ಟು ಕಂಬಿ ದಾಟಿದರು. ಎಲ್ಲ ಸರಿಯಾಯಿತು ಎಂದು ಕಮಲಮ್ಮ ಉಸಿರು ಬಿಡುವಷ್ಟರಲ್ಲಿ ಆನೆ ಸೀನಿತು.

ಸಣ್ಣ ಸೀನಲ್ಲ. ಸೊಂಡಿಲು ಪಟಪಟ ಹೊಡೆದುಕೊಂಡಿತು, ಕಿವಿಗಳು ಮುಂದಕ್ಕೆ ಬಂದು ಹಿಂದಕ್ಕೆ ಹೋದವು. ಒಂದೇ ಒಂದು ಸೀನು. ಎಲ್ಲರೂ ಎರಡನೆಯದಕ್ಕೆ ಕಾದರು. ಬರಲಿಲ್ಲ.

ಅಣ್ಣ ಎತ್ತಿದ ಕಾಲನ್ನು ಅಲ್ಲಿಯೇ ಇಳಿಸಿದರು.

"ಒಂಟಿ ಸೀನು" ಎಂದರು.

"ಅಣ್ಣಯ್ಯ, ಅದು ವೇಷ" ಎಂದು ಹೇಳಹೊರಟ ಕಮಲಮ್ಮ ನಾಲಿಗೆ ಕಚ್ಚಿಕೊಂಡರು. ವೇಷ ಎಂದರೆ ಒಳಗೆ ಮನುಷ್ಯ. ಮನುಷ್ಯ ಎಂದರೆ ಒಂಟಿ ಸೀನು ಪೂರ್ತಿ ಲೆಕ್ಕಕ್ಕೆ ಬರುತ್ತದೆ. "ಅದು ಆನೆ ಅಲ್ವಾ ಅಣ್ಣಯ್ಯ" ಎಂದು ತಿದ್ದಿಕೊಂಡರು.

ಅಣ್ಣ ಯೋಚನೆಗೆ ಬಿದ್ದರು. "ಆನೆ ಆದ್ರೆ ಬೇರೆ ಮಾತು. ಆನೆ ಸೊಂಡಿಲಲ್ಲಿ ಗಾಳಿ ಬಿಟ್ರೆ ಅದಕ್ಕಿಂತ ಶುಭ ಇಲ್ಲ. ನಮ್ಮ ತಾತ ಅರಮನೆ ಗಜಶಾಲೇಲಿ ಹುಲ್ಲಿನ ಲೆಕ್ಕ ಬರೀತಿದ್ರು, ಅವರೇ ಹೇಳ್ತಿದ್ರು. ಆದ್ರೆ ಮನುಷ್ಯ ಆದ್ರೆ ಈ ಸಂಬಂಧ ಇಲ್ಲಿಗೇ ಮುಗೀತು, ಕಮಲು. ವಾಗೀಶರಿಗೆ ಫೋನ್ ಮಾಡಿ ಹೇಳಿಬಿಡೋದು."

"ಹೊರಗೆ ಹೋಗಿ, ಕೂತು, ನೀರು ಕುಡಿದು ಮತ್ತೆ ಬಂದ್ರೆ ದೋಷ ಹೋಗುತ್ತೆ ಅಂತಾರಲ್ಲ?"

"ಹೋಗುತ್ತೆ. ಅದು ಸರಿ" ಎಂದು ಅಣ್ಣ ಹಿಂದಕ್ಕೆ ತಿರುಗಿದರು.

ಗಗನ ಓಡಿ ಬಂದು ಅಂಗೈಯನ್ನು ಎದೆಯ ಮೇಲಿಟ್ಟುಕೊಂಡಳು. "ಸರ್, ನಿಮ್ಮ ಭಾವನೆ ನಮಗೆ ಅರ್ಥವಾಗುತ್ತೆ. ಆದ್ರೆ ಒಂದ್ಸಲ ಒಳಗ್ ಬಂದೋರು ಆಚೆ ಹೋದ್ರೆ ಮತ್ತೆ ಒಳಗ್ ಬಿಡಲ್ಲ. ನಿಯಮ ಸರ್."

"ಹೊಸ ಟಿಕೆಟ್ ತಗೋತೀವಮ್ಮ" ಎಂದ ಸಮರ್ಥ.

"ಇವತ್ತಿನ ಟಿಕೆಟ್ ಎಲ್ಲ ಮುಗಿದೋಯ್ತು ಸರ್. ಭಾನುವಾರ."

"ಹಾಗಾದ್ರೆ ಇಲ್ಲೇ ಕೂತು ನೀರು ಕುಡೀತೀವಿ. ನೀರು ಕೊಡಿ" ಎಂದರು ಕಮಲಮ್ಮ.

"ನೀರು ಕಮಾನಿನ ಆಚೆ ಸಿಗುತ್ತೆ ಮೇಡಂ."

"ಕಮಾನು ದಾಟೋಕೇ ಅಲ್ವಾ ನೀರು ಬೇಕಾಗಿರೋದು?"

ಗಗನ ಎದೆಯ ಮೇಲಿನ ಅಂಗೈ ತೆಗೆಯದೆ, "ನಿಮ್ಮ ಭಾವನೆ ನಮಗೆ ಅರ್ಥವಾಗುತ್ತೆ ಮೇಡಂ" ಎಂದಳು. ಇದಕ್ಕೆ ತರಬೇತಿಯಲ್ಲಿ ಬೇರೆ ಉತ್ತರ ಕೊಟ್ಟಿರಲಿಲ್ಲ ಎಂದು ಕಾಣುತ್ತದೆ.

ಅಣ್ಣ ಅಂಗಳದ ನಡುವೆ ನಿಂತುಬಿಟ್ಟರು. ಒಳಗೂ ಇಲ್ಲ, ಹೊರಗೂ ಇಲ್ಲ. ಅವರ ಎರಡು ಪಕ್ಕದಲ್ಲೂ ಜನ ಹರಿದು ಹೋಗುತ್ತಿದ್ದರು. "ಒಂದೇ ಪ್ರಶ್ನೆ. ಈ ಆನೆಯ ಒಳಗೆ ಯಾರಾದರೂ ಇದ್ದಾರೋ ಇಲ್ಲವೋ? ಹೇಳಲಿ, ನಾನು ಹೋಗ್ತೀನಿ. ಆ ಕಡೆಗೋ, ಈ ಕಡೆಗೋ" ಎಂದರು.

ಗಗನ ವಾಕಿಟಾಕಿಯಲ್ಲಿ ಪಿಸುಗುಟ್ಟಿದಳು. ಅತಿಥಿ ಸೇವೆಯ ಮ್ಯಾನೇಜರ್ ಶಿವಪ್ರಕಾಶ್ ಟೈ ಸರಿಮಾಡಿಕೊಳ್ಳುತ್ತ ಬಂದರು. ಅವರೂ ಅಂಗೈಯನ್ನು ಎದೆಯ ಮೇಲಿಟ್ಟುಕೊಂಡರು.

"ಸರ್, ಗಜರಾಜ ಗಜರಾಜನೇ. ಒಳಗೆ ಯಾರೂ ಇಲ್ಲ. ನಮ್ಮಲ್ಲಿ ಯಾವ ಪ್ರಾಣಿಯೊಳಗೂ ಯಾರೂ ಇರಲ್ಲ. ಅದು ನಮ್ಮ ನೀತಿ."

ಕಮಲಮ್ಮನ ಮುಖ ಅರಳಿತು. "ಕೇಳಿದ್ರಾ ಅಣ್ಣಯ್ಯ? ಯಾರೂ ಇಲ್ವಂತೆ. ಅಂದ್ರೆ ಆನೆ."

"ಹಾಗಾದರೆ ಇದು ಆನೆ" ಎಂದರು ಅಣ್ಣ, ಮ್ಯಾನೇಜರನ್ನೇ ನೋಡುತ್ತ. "ಅಷ್ಟು ಹೇಳಿಬಿಡಿ. 'ಇದು ಆನೆ' ಅಂತ."

ಶಿವಪ್ರಕಾಶ್ ಟೈ ಸಡಿಲಿಸಿದರು. ಅತ್ತಿತ್ತ ನೋಡಿದರು. ಧ್ವನಿ ಇಳಿಸಿ, "ಆನೆ ಅಂತ ಹೇಳೋಕಾಗಲ್ಲ ಸರ್. ಆನೆ ಇಟ್ಕೊಳ್ಳೋಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ನಾನು ಬಾಯಿಬಿಟ್ಟು ಆನೆ ಅಂದ್ರೆ, ಇವರಲ್ಲಿ ಯಾರೋ ಒಬ್ಬರು ವಿಡಿಯೋ ಮಾಡ್ಕೊಂಡ್ರೆ, ನಾಳೆ ನಾನು ಜೈಲಲ್ಲಿ" ಎಂದರು.

"ಹಾಗಾದ್ರೆ ಮನುಷ್ಯ."

"ಮನುಷ್ಯ ಅಂದ್ರೆ ಇವತ್ತೇ ನನ್ನ ಕೆಲಸ ಹೋಗುತ್ತೆ."

"ಆನೆಯೂ ಅಲ್ಲ, ಮನುಷ್ಯನೂ ಅಲ್ಲ. ಮತ್ತೆ ಸೀನಿದ್ದು ಯಾರು?"

"ಯಾರೂ ಸೀನಿಲ್ಲ ಸರ್" ಎಂದರು ಶಿವಪ್ರಕಾಶ್.

ಆನೆ ಕೈ ಎತ್ತಿಕೊಂಡೇ ನಿಂತಿತ್ತು.

ಕಮಲಮ್ಮ ಗಗನಳ ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋದರು. "ಏನಮ್ಮ ಮಗಳೇ, ಅವರಿಗೆ ಹೇಳಕ್ಕಾಗಲ್ಲ, ಸರಿ. ನೀನಾದ್ರೂ ನಮ್ಮಣ್ಣನ ಕಿವಿಯಲ್ಲಿ 'ಆನೆ' ಅಂದ್ಬಿಡು. ಒಂದು ಮದುವೆ ಆಗಬೇಕು ಕಣೆ."

"ಅಯ್ಯೋ ಬುಡಿ ಮೇಡಂ, ನೀವೊಬ್ರು" ಎಂದಳು ಗಗನ. ಎದೆಯ ಮೇಲಿನ ಅಂಗೈ ಈಗ ಸೊಂಟಕ್ಕೆ ಹೋಗಿತ್ತು. "ಇಲ್ಲಿ ಒಂದು ಮಾತು ಜಾರಿದ್ರೂ ಕತೆ ಮುಗೀತು ಅಂತಾನೇ. ಹೋದ ತಿಂಗಳು ಒಂದು ಮಗು ಹುಲಿ ಕಾಲು ತುಳೀತು. ಹುಲಿ 'ಅಯ್ಯೋ ಸತ್ತೆ' ಅಂದ್ಬುಡ್ತು. ಮಾರನೇ ದಿನದಿಂದ ಆ ಹುಲಿ ಇಲ್ಲ. ಬೇರೆ ಹುಲಿ."

"ನಿಜವಾಗ್ಲೂ?"

"ದೇವರಾಣೆ. ಅದಿರಲಿ, ನಿಮ್ಮೆಜಮಾನ್ರನ್ನ ಮೊದಲು ಜಾಗ ಬಿಡಿಸಿ. ಈ ಅಂಗಳದಲ್ಲಿ ಒಬ್ಬರಾದ್ರೂ ಅತಿಥಿ ನಿಂತಿರೋವರೆಗೂ ಗಜರಾಜ ಕೈ ಇಳಿಸೋ ಹಾಗಿಲ್ಲ. ನೆರಳಿಗೂ ಹೋಗೋ ಹಾಗಿಲ್ಲ. ಬೇರೆಯವ್ರು ಹಂಗೇ ಹೋಗ್ತಾವ್ರೆ, ಇವ್ರೊಬ್ರು ಕಂಬ ನೆಟ್ಟಂಗೆ ನಿಂತವ್ರೆ."

"ಅವರು ಯಜಮಾನ್ರಲ್ಲ, ಅಣ್ಣ."

"ಯಾರೋ ಒಬ್ರು. ಒಳಗಡೆ ಎಂಥಾ ಸೆಕೆ ಗೊತ್ತಾ ಮೇಡಂ?" ಎಂದವಳು ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದಳು. "ಒಳಗಡೆ ಅಂದ್ರೆ... ಹಂಗಲ್ಲ. ಒಳಗಡೆ ಯಾರೂ ಇಲ್ಲ."

ಕಮಲಮ್ಮನಿಗೆ ವಿಷಯ ತಿಳಿಯಿತು. ಆನೆ ಯಾರು ಎಂದು ತಿಳಿಯುವವರೆಗೂ ಅಣ್ಣ ಅಲುಗುವುದಿಲ್ಲ. ಅಣ್ಣ ಅಲುಗುವವರೆಗೂ ಆನೆ ಅಲುಗುವಂತಿಲ್ಲ. ಒಳಗಿನ ಹೋಟೆಲಿನಲ್ಲಿ ಕೂತವರು ಎಷ್ಟು ಹೊತ್ತು ಕೂತಾರು? ಒಂದೇ ಸಲ ಎಂದು ಹೇಳಿ ಬಂದಿರುವ ಹುಡುಗಿ. ಇವತ್ತು ತಪ್ಪಿದರೆ ತಪ್ಪಿದ ಹಾಗೆಯೇ.

ಅವರು ಅಣ್ಣನ ಹತ್ತಿರ ಹೋಗಿ ನೋಡಿದರು. "ಬಿಸಿಲು ಅಣ್ಣಯ್ಯ, ತಲೆ ಸುತ್ತುತ್ತೆ, ಬನ್ನಿ" ಎಂದರು. ಬರಲಿಲ್ಲ. "ಇನ್ನೊಂದು ಸೀನು ಬಂದ್ರೆ ಜೋಡಿ ಆಗುತ್ತಲ್ಲ" ಎಂದು ಸಮರ್ಥ ಮೆಲ್ಲಗೆ ಹೇಳಿದ. ಅಷ್ಟು ಉದ್ದದ ಮಾತನ್ನು ಅವನು ಅಪ್ಪನ ಎದುರು ಆಡಿದ್ದು ಅಪರೂಪ. "ಈಗ ಬಂದ್ರೆ ಅದು ಇನ್ನೊಂದು ಒಂಟಿ" ಎಂದು ಅಣ್ಣ ತಳ್ಳಿಹಾಕಿದರು.

ಅಷ್ಟರಲ್ಲಿ ಕಮಾನಿನ ಆಚೆ ಮೂವರು ಬಂದು ನಿಂತರು. ಕೊಡೆ ಹಿಡಿದ ವಾಗೀಶರು, ಅವರ ಹೆಂಡತಿ, ನಡುವೆ ನೀಲಿ ಕುರ್ತಾ ತೊಟ್ಟು ತಲೆಗೂದಲನ್ನು ಗಂಟು ಕಟ್ಟಿಕೊಂಡ ಹುಡುಗಿ. ಕಾದು ಕಾದು ಸಾಕಾಗಿ ಅವರೇ ಬಂದುಬಿಟ್ಟಿದ್ದರು. ಒಳಗಿನವರು ಹೊರಗೆ ಬರದ ಹಾಗೆ ಕಮಾನಿನ ಅರ್ಧಕ್ಕೆ ಕಟ್ಟಿದ ಸರಪಳಿಯ ಆಚೆಯಿಂದಲೇ ವಾಗೀಶರು ಕೈಮುಗಿದರು.

"ಯಾಕೆ ಅಲ್ಲೇ ನಿಂತ್ರಿ? ಬನ್ನಿ, ಬನ್ನಿ!"

"ಒಂದು ಸಣ್ಣ ಸಂದೇಹ ಇದೆ ವಾಗೀಶರೇ" ಎಂದು ಅಣ್ಣ ಕೂಗಿದರು. "ನಿಮ್ಮ ಮಗಳು ಪಶುವೈದ್ಯರು ಅಲ್ವೇ? ಅವರೇ ಹೇಳಿಬಿಡಲಿ. ಇದು ಆನೆಯೋ ಮನುಷ್ಯನೋ?"

ಪಶುವೈದ್ಯರು ಎಂಬ ಮಾತು ಕಿವಿಗೆ ಬಿದ್ದದ್ದೇ ಶಿವಪ್ರಕಾಶರ ಬಣ್ಣ ಇಳಿಯಿತು. "ಇಲಾಖೆಯಿಂದ ಬಂದ್ರಾ? ಮೇಡಂ, ನಮ್ಮಲ್ಲಿ ಆನೆ ಇಲ್ಲ!" ಎಂದರು. ಪಕ್ಕದಲ್ಲಿದ್ದ ಮಗುವೊಂದು "ಇದೆಯಲ್ಲ" ಎಂದು ಬೆರಳು ತೋರಿಸಿತು.

ಮೈತ್ರೇಯಿ ಉತ್ತರ ಕೊಡಲಿಲ್ಲ. ಅವಳು ಆನೆಯ ಎತ್ತಿದ ಕೈಯನ್ನು ನೋಡುತ್ತಿದ್ದಳು. ಕೈ ನಡುಗುತ್ತಿತ್ತು. ನೋಡುತ್ತಿದ್ದಂತೆ ಆನೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಆಮೇಲೆ ನೆನೆದ ಹಾಸಿಗೆಯ ಹಾಗೆ ಕುಸಿದು ನೆಲದ ಮೇಲೆ ಕೂತುಬಿಟ್ಟಿತು. ಕೂತ ಮೇಲೂ ಒಂದು ಕೈ ಮಾತ್ರ ಸಲಾಮಿಗೆ ಏಳಲು ನೋಡುತ್ತಿತ್ತು.

ಮೈತ್ರೇಯಿ ಸರಪಳಿ ಹಾರಿ ಬಂದಳು.

"ಮೇಡಂ, ಆಚೆಯಿಂದ ಈಚೆ ಬರೋ ಹಾಗಿಲ್ಲ! ಒನ್ ವೇ!" ಎಂದರು ಶಿವಪ್ರಕಾಶ್.

"ನೀವು ಸುಮ್ನಿರ್ರೀ." ಅವಳು ಮಂಡಿಯೂರಿ ಕೂತು, ಸೊಂಡಿಲ ಕೆಳಗಿನ ಸಂದಿಗೆ ಕೈ ಹಾಕಿ ನೋಡಿದಳು. "ಒಳ್ಳೆ ಒಲೆ ಇದ್ದ ಹಾಗಿದೆ. ಮೊದಲು ಈ ತಲೆ ತೆಗೀಬೇಕು. ಗಾಳಿ ಬೇಕು, ನೀರು ಬೇಕು."

"ತಲೆ ತೆಗೆಯೋ ಹಾಗಿಲ್ಲ ಮೇಡಂ! ಮಕ್ಕಳ ಎದುರಿಗೆ ಗಜರಾಜನ ತಲೆ..."

ಆಗಲೇ ಮಕ್ಕಳು ಸುತ್ತ ನೆರೆದಿದ್ದವು. ಫೋನುಗಳು ಮೇಲೆದ್ದಿದ್ದವು. ಕಮಲಮ್ಮ ಕ್ಷಣ ಕೂಡ ತಡಮಾಡಲಿಲ್ಲ. ಅಣ್ಣನ ಹೆಗಲ ಮೇಲಿದ್ದ ಮೈಸೂರು ಜರಿಯ ಶಲ್ಯವನ್ನು ಎಳೆದರು. "ಸಮರ್ಥ, ಈ ತುದಿ ಹಿಡ್ಕೋ. ಅಣ್ಣಯ್ಯ, ಆ ತುದಿ ನೀವು. ಎತ್ತರಕ್ಕೆ ಹಿಡೀರಿ. ವಾಗೀಶರೇ, ನಿಮ್ಮ ಕೊಡೆ ಈ ಕಡೆ. ಎಲ್ಲರೂ ಬೆನ್ನು ತಿರುಗಿಸಿ, ಆಚೆ ನೋಡಿ."

ಒಂದು ಕಡೆ ಕಮಾನಿನ ಕಂಬವಿತ್ತು, ತಾವು ಸೆರಗು ಹರಡಿ ನಾಲ್ಕನೆಯ ಗೋಡೆಯಾದರು. ಹೀಗೆ ಕಮಾನಿನ ಮುಂದೆ ಒಂದು ಕೋಣೆ ಸಿದ್ಧವಾಯಿತು. ಒಳಗೆ ಮೈತ್ರೇಯಿ ಮತ್ತು ಆನೆ. ಗಗನ ಎಲ್ಲಿಂದಲೋ ತನ್ನ ಬಾಟಲಿ ತಂದು ಸೆರಗಿನ ಅಡಿಯಿಂದ ಒಳಗೆ ತಳ್ಳಿದಳು. ಜಿಪ್ಪು ಎಳೆದ ಸದ್ದು ಬಂತು. ಯಾರೋ ಮುಳುಗಿ ಮೇಲೆದ್ದವರ ಹಾಗೆ ಉಸಿರು ಎಳೆದುಕೊಂಡ ಸದ್ದು ಬಂತು.

"ತಾತಾ, ಆನೆಗೆ ಏನಾಯ್ತು?" ಎಂದು ಮಗುವೊಂದು ಅಣ್ಣನ ಪಂಚೆ ಜಗ್ಗಿತು.

ಅಣ್ಣ ಮಗುವಿನ ಕಡೆ ತಿರುಗಿದರು. ಜನ್ಮದಲ್ಲಿ ಸುಳ್ಳು ಹೇಳದವರು. "ಆನೆ... ಸ್ನಾನ ಮಾಡ್ತಿದೆ ಮಗು" ಎಂದರು. "ನೋಡಬಾರದು. ಅದಕ್ಕೆ ನಾಚಿಕೆ ಆಗುತ್ತೆ."

ಹೇಳುವಾಗ ಶಲ್ಯದ ತುದಿ ಕೈಯಿಂದ ಜಾರಿತು. ಹಿಡಿದುಕೊಳ್ಳಲು ಬಗ್ಗಿದವರ ಕಣ್ಣಿಗೆ, ಬೂದು ಬಟ್ಟೆಯೊಳಗಿಂದ ಹೊರಬಂದು ಬಾಟಲಿ ಹಿಡಿದ ಒಂದು ಕೈ ಕಂಡಿತು. ಬಡಕಲು ಕೈ, ಹಸಿರು ಗಾಜಿನ ಬಳೆ. ಜೊತೆಗೆ ಧ್ವನಿಯೂ ಕೇಳಿಸಿತು. ಯಾರೋ ನಡುವಯಸ್ಸಿನ ಹೆಂಗಸಿನ ಧ್ವನಿ.

"ಇನ್ನೊಂಚೂರು ಉಯ್ಯವ್ವ ನೆತ್ತಿ ಮ್ಯಾಲೆ. ನೆಗಡಿ ಇತ್ತು, ರಜಾ ಕೊಡ್ನಿಲ್ಲ. ಉಸ್ಸಪ್ಪಾ... ಜೀವ ಬಂತು."

ಅಣ್ಣ ಮೆಲ್ಲನೆ ನೆಟ್ಟಗಾದರು. ಕಮಲಮ್ಮ ಅವರ ಮುಖವನ್ನೇ ನೋಡುತ್ತಿದ್ದರು. ನೋಡಿದ್ದಾರೆ, ಕೇಳಿಸಿಕೊಂಡಿದ್ದಾರೆ, ಸಂದೇಹಕ್ಕೆ ಜಾಗವಿಲ್ಲ. ಕೆಲಸ ಕೆಟ್ಟಿತು ಎಂದುಕೊಂಡರು. ಇನ್ನು ಈ ಶಲ್ಯ ಮಡಚಿ ಹೆಗಲಿಗೆ ಹಾಕಿಕೊಂಡು ಹೊರಡುವುದೊಂದೇ ಬಾಕಿ. ಸಮರ್ಥ ಇನ್ನೊಂದು ತುದಿ ಹಿಡಿದು, ಬೆನ್ನು ತಿರುಗಿಸಿಕೊಂಡು, ಎದುರಿನ ಗೋಡೆಯ ಬಣ್ಣ ನೋಡುತ್ತ ನಿಂತಿದ್ದ. ಹುಡುಗಿಯನ್ನು ಅವನು ಇನ್ನೂ ಸರಿಯಾಗಿ ನೋಡಿರಲೂ ಇಲ್ಲ.

ಜಿಪ್ಪು ಮತ್ತೆ ಏರಿತು. ತೆರೆ ಸರಿಯಿತು. ಗಜರಾಜ ನೆಲದ ಮೇಲೆ ಕೂತೇ ಎಲ್ಲರಿಗೂ ಕೈಬೀಸಿದ. ಮಕ್ಕಳು ಚಪ್ಪಾಳೆ ತಟ್ಟಿದವು.

ಶಿವಪ್ರಕಾಶ್ ಹತ್ತಿರ ಬಂದರು. ಮುಖದಲ್ಲಿ ಬೆವರು. "ಸರ್, ನನಗೆ ಏನೋ ಮಾತು ಕೇಳಿಸಿದ ಹಾಗಾಯ್ತು" ಎಂದರು ಮೆಲ್ಲಗೆ. "ಗಜರಾಜ ಮಾತಾಡಿದ್ರೆ ನಾನು ಮೇಲಕ್ಕೆ ತಿಳಿಸ್ಲೇಬೇಕು. ನೀವು ಪಕ್ಕದಲ್ಲೇ ಇದ್ರಿ. ನಿಮಗೇನಾದ್ರೂ ಕೇಳಿಸ್ತಾ?"

ಗಗನ ಉಗುರು ಕಚ್ಚಿದಳು. ನೆಲದ ಮೇಲೆ ಕೂತಿದ್ದ ಆನೆಯ ಬೀಸುವ ಕೈ ನಡುವೆಯೇ ನಿಂತುಹೋಯಿತು.

ಅಣ್ಣ ಒಮ್ಮೆ ಆನೆಯನ್ನು ನೋಡಿದರು. ಒಮ್ಮೆ ಮಗನನ್ನು ನೋಡಿದರು. ಎಪ್ಪತ್ತು ದಾಟಿದ ಮನುಷ್ಯ, ಬೆಕ್ಕಿಗೆ, ಹಲ್ಲಿಗೆ, ದೀಪಕ್ಕೆ, ಯಾವುದಕ್ಕೂ ಒಂದಿಂಚು ಬಿಟ್ಟುಕೊಡದಿದ್ದ ಮನುಷ್ಯ, ಗಂಟಲು ಸರಿಮಾಡಿಕೊಂಡರು.

"ಆನೆ ಎಲ್ಲಾದರೂ ಮಾತಾಡುತ್ತೇನ್ರೀ?" ಎಂದು ಮ್ಯಾನೇಜರನ್ನು ಗದರಿಕೊಂಡರು. "ಟೈ ಕಟ್ಕೊಂಡಿದೀರಿ, ಅಷ್ಟೂ ಗೊತ್ತಾಗಲ್ವೇ?"

ಶಿವಪ್ರಕಾಶ್ ಎದೆಯ ಮೇಲೆ ಅಂಗೈ ಇಟ್ಟುಕೊಂಡರು. ಬೆಳಗಿನಿಂದ ಮೊದಲ ಸಲ ಮನಸ್ಸಿನಿಂದಲೇ ಇಟ್ಟುಕೊಂಡ ಹಾಗಿತ್ತು. "ಥ್ಯಾಂಕ್ಸ್ ಸರ್. ಆನೆ ಅನ್ನೋ ಪದ ಮಾತ್ರ ಸ್ವಲ್ಪ ಮೆಲ್ಲಗೆ" ಎಂದರು.

ಕಮಲಮ್ಮ ಒಂದು ಹೆಜ್ಜೆ ಮುಂದೆ ಬಂದರು. ಕಬ್ಬಿಣ ಕಾದಿತ್ತು, ಆರಲು ಬಿಡುವವರಲ್ಲ. "ಹಾಗಾದ್ರೆ ಅಣ್ಣಯ್ಯ, ಆಗ ಸೀನಿದ್ದೂ..."

ಅಣ್ಣ ತಂಗಿಯನ್ನು ದುರುಗುಟ್ಟಿಕೊಂಡು ನೋಡಿದರು. ಚಿಕ್ಕಂದಿನಲ್ಲಿ ಬೆಲ್ಲದ ಡಬ್ಬಿ ಬಚ್ಚಿಟ್ಟಿದ್ದ ಜಾಗ ಅವಳು ಕಂಡುಹಿಡಿದಾಗಲೂ ಹೀಗೆಯೇ ನೋಡುತ್ತಿದ್ದರು.

"ಆನೆಯೇ" ಎಂದರು ಕೊನೆಗೆ. "ಇನ್ನೇನು ನಾನೇ?" ಎಂದವರೇ ಬಲಗಾಲಿಟ್ಟು ಕಮಾನು ದಾಟಿ, ವಾಗೀಶರ ಕೈ ಹಿಡಿದುಕೊಂಡರು. ಒಳ್ಳೆಯ ಶಕುನ ಆಯಿತೆಂದೂ, ತಮ್ಮ ತಾತ ಗಜಶಾಲೆಯಲ್ಲಿ ಇದ್ದರೆಂದೂ ಜೋರಾಗಿ ಹೇಳತೊಡಗಿದರು. ಅಂಗಳ ಖಾಲಿಯಾಯಿತು. ಗಗನ ಗಜರಾಜನ ಕೈಹಿಡಿದು ಎಬ್ಬಿಸಿ ಗೋಡೆಯ ನೆರಳಿಗೆ ಕರೆದುಕೊಂಡು ಹೋದಳು.

ಸಮರ್ಥ ಮಾತ್ರ ಶಲ್ಯವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದ. ಮೈತ್ರೇಯಿ ಎದ್ದು ಮಂಡಿಯ ಧೂಳು ಕೊಡವಿಕೊಂಡಳು. ಅವಳ ಕೈಯೆಲ್ಲ ನೀರು, ಬೆವರು, ಬೂದು ಬಣ್ಣ.

"ನೀವೇನಾ ಸಮರ್ಥ?" ಎಂದಳು.

"ಹೌದು."

"ನಾನಿನ್ನೂ ಏನೂ ಒಪ್ಪಿಲ್ಲ. ಅವರೆಲ್ಲ ಸುಮ್ನೆ ಖುಷಿಯಾಗಿದ್ದಾರೆ."

"ಗೊತ್ತು" ಎಂದ ಸಮರ್ಥ. ಆಮೇಲೆ ಅವಳ ಕೈ ನೋಡಿ, ಅಪ್ಪನ ಜರಿಯ ಶಲ್ಯವನ್ನು ಮುಂದಕ್ಕೆ ಹಿಡಿದ. "ಒರೆಸ್ಕೊಳ್ಳಿ."

"ಇದರಲ್ಲಾ? ಜರಿ ಕಣ್ರೀ."

"ಪರವಾಗಿಲ್ಲ."

ಅವಳು ನಕ್ಕಳು. ಒಂದೊಂದೇ ಬೆರಳನ್ನು ಸಾವಕಾಶವಾಗಿ ಒರೆಸಿಕೊಂಡಳು. ಕಮಾನಿನ ಆಚೆಯಿಂದ ಅಣ್ಣ ಅದನ್ನು ಕಂಡು, ಗಜಶಾಲೆಯ ಕತೆಯನ್ನು ಅರ್ಧಕ್ಕೇ ನಿಲ್ಲಿಸಿ ಬಾಯಿ ತೆರೆದರು.

"ಇದಕ್ಕೇನಾದ್ರೂ ಶಕುನ ಇದೆಯಾ ಅಣ್ಣಯ್ಯ?" ಎಂದು ಕಮಲಮ್ಮ ಮೊದಲೇ ಕೇಳಿಬಿಟ್ಟರು.

ಅಣ್ಣ ಬೆರಳು ಮಡಚಿ ಎಣಿಸಿದರು. ಇದ್ದಬದ್ದ ಶಕುನಗಳನ್ನೆಲ್ಲ ಮನಸ್ಸಿನಲ್ಲೇ ತಡಕಿದಂತೆ ಕಂಡಿತು.

"ಇಲ್ಲ. ಇದರ ಬಗ್ಗೆ ಎಲ್ಲೂ ಏನೂ ಹೇಳಿಲ್ಲ" ಎಂದರು.